ಸಂಗಾತಿಯ ಆಯ್ಕೆ ಮತ್ತು ಹೆಚ್.ಐ.ವಿ. ಸ್ಥಿತಿ: ಸಾರ್ವಜನಿಕರಿಗೆ ತಿಳುವಳಿಕೆ

ವಿವಾಹ ನಿಶ್ಚಯಕ್ಕೆ ಮುನ್ನ ಅಥವಾ ಹೊಸ ಸಂಬಂಧವೊಂದನ್ನು ಆರಂಭಿಸುವ ಮುನ್ನ ಹೆಚ್.ಐ.ವಿ. ಪರೀಕ್ಷೆಯನ್ನು ಬಯಸುವ ಸಾರ್ವಜನಿಕರು ಸರ್ಕಾರಿ ಆಸ್ಪತ್ರೆಗಳಲ್ಲಿರುವ ಸಮಗ್ರ ಆಪ್ತ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರಗಳಲ್ಲಿ (ಐ.ಸಿ.ಟಿ.ಸಿ.) ಈ ಸೇವೆಯನ್ನು ಉಚಿತವಾಗಿ ಪಡೆಯಬಹುದು. ಪರೀಕ್ಷೆಯ ಹಿಂದೆ ಸಾಮಾನ್ಯವಾಗಿ ಇನ್ನೊಂದು ಪ್ರಶ್ನೆ ಅಡಗಿರುತ್ತದೆ. ಸೋಂಕು ಇದೆಯೆಂಬ ಕಾರಣಕ್ಕೆ ಒಬ್ಬರನ್ನು ಸಂಗಾತಿಯಾಗಿ ನಿರಾಕರಿಸುವುದು ನ್ಯಾಯವೇ? ಸೋಂಕಿತರು ತಮ್ಮ ಸ್ಥಿತಿಯನ್ನು ಯಾರಿಗೆ, ಯಾವಾಗ ತಿಳಿಸಬೇಕು? ಈ ಕುರಿತು ಕಾನೂನು ಮತ್ತು ವೈದ್ಯಕೀಯ ವಿಜ್ಞಾನ ಹೇಳುವುದನ್ನು ಇಲ್ಲಿ ವಿವರಿಸಲಾಗಿದೆ.

ನಿರಾಕರಿಸುವ ಸ್ವಾತಂತ್ರ್ಯ

ಯಾರೊಂದಿಗೆ ಬಾಳಬೇಕು, ಯಾರೊಂದಿಗೆ ದೇಹ ಸಂಪರ್ಕ ಹೊಂದಬೇಕು ಎಂಬುದು ಪ್ರತಿಯೊಬ್ಬ ವಯಸ್ಕರ ಸ್ವಂತ ನಿರ್ಧಾರ. ಇದಕ್ಕೆ ಕಾರಣ ಕೊಡಬೇಕಾದ ಅಗತ್ಯವಿಲ್ಲ. ಹೆಚ್.ಐ.ವಿ. ಮತ್ತು ಏಡ್ಸ್ (ತಡೆಗಟ್ಟುವಿಕೆ ಮತ್ತು ನಿಯಂತ್ರಣ) ಅಧಿನಿಯಮ, 2017 ದಿನಾಂಕ 10-09-2018 ರಿಂದ ಜಾರಿಯಲ್ಲಿದ್ದು, ಉದ್ಯೋಗ, ಶಿಕ್ಷಣ, ಚಿಕಿತ್ಸೆ, ವಸತಿ ಮುಂತಾದವುಗಳಲ್ಲಿ ತಾರತಮ್ಯವನ್ನು ನಿಷೇಧಿಸುತ್ತದೆ. ಸಂಗಾತಿಯ ಆಯ್ಕೆ ಈ ಪಟ್ಟಿಯಲ್ಲಿಲ್ಲ, ಇರುವುದು ಸಾಧ್ಯವೂ ಅಲ್ಲ. ಬೇಡವೆನ್ನುವ ಸ್ವಾತಂತ್ರ್ಯವಿಲ್ಲದಲ್ಲಿ ಸಮ್ಮತಿಗೂ ಅರ್ಥವಿರುವುದಿಲ್ಲ.

ಆದರೆ ನಿರಾಕರಿಸುವುದು ಬೇರೆ, ನಿರಾಕರಣೆಯ ಕಾರಣವನ್ನು ಊರಿಗೆ ಸಾರುವುದು ಬೇರೆ. ಸಂಬಂಧ ಬೇಡವೆಂದ ಕುಟುಂಬವು ವರನ ಅಥವಾ ವಧುವಿನ ಸ್ಥಿತಿಯನ್ನು ಬಂಧುಗಳಿಗೆ, ಮದುವೆ ದಲ್ಲಾಳಿಗಳಿಗೆ, ನೆರೆಯವರಿಗೆ ತಿಳಿಸಿದರೆ ಆ ವ್ಯಕ್ತಿಯ ಉದ್ಯೋಗ, ಬಾಡಿಗೆ ಮನೆ, ಒಡಹುಟ್ಟಿದವರ ಮದುವೆ ಎಲ್ಲಕ್ಕೂ ಧಕ್ಕೆ ಬರುತ್ತದೆ. ವಿಶ್ವಾಸದಿಂದ ತಿಳಿಸಿದ ಮಾಹಿತಿ, ಸಂಬಂಧ ಮುರಿದ ನಂತರವೂ ವಿಶ್ವಾಸದ ಮಾಹಿತಿಯೇ ಆಗಿರುತ್ತದೆ.

ವರದಿಯನ್ನು ಕೇಳುವವರ ಗಮನಕ್ಕೆ

ಪರೀಕ್ಷೆಗೆ ವ್ಯಕ್ತಿಯ ತಿಳುವಳಿಕೆಯುಕ್ತ ಸಮ್ಮತಿ ಕಡ್ಡಾಯ. ತಂದೆ ತಾಯಿ, ಭಾವೀ ಮಾವ ಅಥವಾ ಸಂಬಂಧ ಕುದುರಿಸಿದವರು ಕೇಂದ್ರಕ್ಕೆ ಬಂದು ಇನ್ನೊಬ್ಬರ ವರದಿಯನ್ನು ಕೇಳಿದಲ್ಲಿ ಅದನ್ನು ನೀಡಲಾಗುವುದಿಲ್ಲ. ಜಾತಕದೊಂದಿಗೆ ರಕ್ತಪರೀಕ್ಷೆಯ ಚೀಟಿಯನ್ನೂ ತರಿಸಿಕೊಳ್ಳಬಯಸುವ ಕುಟುಂಬಗಳುಂಟು. ಹಾಗೆ ಕೇಳುವವರು ತಮ್ಮ ಕಡೆಯ ಚೀಟಿಯನ್ನು ತರಲು ಮರೆಯುವುದೂ ಉಂಟು. ಉಭಯತರೂ ಒಟ್ಟಿಗೆ ಬಂದು, ಇಬ್ಬರೂ ಸಮಾಲೋಚನೆ ಪಡೆದು, ತಮ್ಮ ತಮ್ಮ ಫಲಿತಾಂಶವನ್ನು ತಾವೇ ಹಂಚಿಕೊಳ್ಳುವುದು ಸೂಕ್ತ ಕ್ರಮ.

ಸೋಂಕು ಇಲ್ಲವೆಂಬ ವರದಿಗೂ ಒಂದು ಮಿತಿಯಿದೆ. ಸೋಂಕು ತಗುಲಿದ ಕೂಡಲೇ ಪರೀಕ್ಷೆಯಲ್ಲಿ ಅದು ಕಾಣಿಸಿಕೊಳ್ಳುವುದಿಲ್ಲ. ಈ ಗವಾಕ್ಷಿ ಅವಧಿ ಮೂರು ತಿಂಗಳವರೆಗೂ ಇರಬಹುದಾದ್ದರಿಂದ, ಇತ್ತೀಚೆಗೆ ಅಪಾಯಕ್ಕೆ ಒಳಗಾದವರು ಮರುಪರೀಕ್ಷೆ ಮಾಡಿಸಿಕೊಳ್ಳತಕ್ಕದ್ದು. ಆರಂಭದ ಈ ವಾರಗಳಲ್ಲಿಯೇ ರಕ್ತದಲ್ಲಿ ವೈರಾಣುಗಳ ಸಂಖ್ಯೆ ಅತಿ ಹೆಚ್ಚಾಗಿದ್ದು, ಇತರರಿಗೆ ಹರಡುವ ಸಂಭವವೂ ಅಧಿಕ. ಚೀಟಿಯು ಪರೀಕ್ಷೆಯ ದಿನಕ್ಕೆ ಮುಂಚಿನ ಸ್ಥಿತಿಯನ್ನು ಹೇಳುತ್ತದೆಯೇ ಹೊರತು ಮುಂದಿನ ನಡತೆಗೆ ಖಾತರಿ ನೀಡುವುದಿಲ್ಲ.

ಚಿಕಿತ್ಸೆಯಲ್ಲಿರುವವರು ಮತ್ತು ಪರೀಕ್ಷೆಯನ್ನೇ ಮಾಡಿಸದವರು

ಈ ವಿಷಯದಲ್ಲಿ ಜನಸಾಮಾನ್ಯರ ತಿಳುವಳಿಕೆ ವಿಜ್ಞಾನಕ್ಕಿಂತ ಬಹಳ ಹಿಂದೆ ಉಳಿದಿದೆ. ಸರ್ಕಾರಿ ಕೇಂದ್ರಗಳಲ್ಲಿ ಉಚಿತ ಎ.ಆರ್.ಟಿ. ಚಿಕಿತ್ಸೆ 2004ರ ಏಪ್ರಿಲ್ 1 ರಂದು ಆರಂಭವಾಯಿತು. 2017 ರಿಂದ, ಸಿ.ಡಿ.4 ಕಣಗಳ ಎಣಿಕೆ ಎಷ್ಟೇ ಇದ್ದರೂ, ಸೋಂಕು ದೃಢಪಟ್ಟ ಎಲ್ಲರಿಗೂ ಈ ಚಿಕಿತ್ಸೆ ಲಭ್ಯವಿದೆ. ಮಾತ್ರೆಗಳನ್ನು ತಪ್ಪದೇ ಸೇವಿಸುವವರ ರಕ್ತದಲ್ಲಿ ವೈರಾಣುಗಳ ಪ್ರಮಾಣ ಪರೀಕ್ಷೆಗೆ ಸಿಗದಷ್ಟು ಇಳಿಯುತ್ತದೆ. ಆ ಮಟ್ಟ ಸ್ಥಿರವಾಗಿ ಉಳಿದಿರುವವರಿಂದ ಲೈಂಗಿಕ ಸಂಪರ್ಕದ ಮೂಲಕ ಸೋಂಕು ಹರಡುವುದಿಲ್ಲ. ಯೂರೋಪಿನ 14 ದೇಶಗಳಲ್ಲಿ ನಡೆದು 2016ರಲ್ಲಿ ಪ್ರಕಟವಾದ ಪಾರ್ಟ್‌ನರ್ ಅಧ್ಯಯನದಲ್ಲಿ, ಒಬ್ಬರಿಗೆ ಸೋಂಕಿದ್ದು ಇನ್ನೊಬ್ಬರಿಗೆ ಇಲ್ಲದ 888 ಜೋಡಿಗಳನ್ನು ಪರಿಶೀಲಿಸಲಾಯಿತು. ಕಾಂಡೋಮ್ ಇಲ್ಲದೆ ಸುಮಾರು 58,000 ಬಾರಿ ಸಂಪರ್ಕ ನಡೆದಿದ್ದರೂ, ಚಿಕಿತ್ಸೆಯಲ್ಲಿದ್ದ ಸಂಗಾತಿಯಿಂದ ಸೋಂಕು ಹರಡಿದ ಒಂದು ಪ್ರಕರಣವೂ ಕಂಡುಬರಲಿಲ್ಲ.

ಆದ್ದರಿಂದ ತನ್ನ ಸ್ಥಿತಿಯನ್ನು ಬಲ್ಲ, ಚಿಕಿತ್ಸೆ ಪಡೆಯುತ್ತಿರುವ ಸೋಂಕಿತ ಸಂಗಾತಿಗಿಂತ, ಎಂದೂ ಪರೀಕ್ಷೆ ಮಾಡಿಸಿಕೊಳ್ಳದೆ ತನಗೇನೂ ಇಲ್ಲವೆಂದು ನಂಬಿರುವ ವ್ಯಕ್ತಿಯಿಂದ ಅಪಾಯ ಹೆಚ್ಚಿರಬಹುದು. ನಿಜ ಹೇಳಿದವರನ್ನು ದೂರವಿಟ್ಟು, ಕೇಳದೇ ಉಳಿದವರನ್ನು ಒಪ್ಪಿಕೊಳ್ಳುವ ರೂಢಿ ಬೆಳೆದಲ್ಲಿ, ಪರೀಕ್ಷೆ ಮಾಡಿಸಿಕೊಳ್ಳಲು ಯಾರೂ ಮುಂದೆ ಬರುವುದಿಲ್ಲ. ಇತರ ಲೈಂಗಿಕ ರೋಗಗಳ ತಡೆಗೆ ಕಾಂಡೋಮ್ ಬಳಕೆ ಯಥಾಪ್ರಕಾರ ಅಗತ್ಯ.

ಸೋಂಕಿತರ ಕರ್ತವ್ಯ

ಸದರಿ ಅಧಿನಿಯಮದ 10ನೇ ಕಲಂ ಪ್ರಕಾರ, ಸ್ಥಿತಿಯನ್ನು ಅರಿತು ಸಮಾಲೋಚನೆ ಪಡೆದ ಸೋಂಕಿತರು ಇತರರಿಗೆ ಸೋಂಕು ಹರಡದಂತೆ ಯುಕ್ತ ಮುಂಜಾಗ್ರತೆ ವಹಿಸತಕ್ಕದ್ದು. ಅಪಾಯ ತಗ್ಗಿಸುವ ಕ್ರಮಗಳು ಹಾಗೂ ಸಂಪರ್ಕಕ್ಕೆ ಮುನ್ನ ಸ್ಥಿತಿಯನ್ನು ತಿಳಿಸುವುದು ಇದರಲ್ಲಿ ಸೇರಬಹುದು. ತಿಳಿಸಿದರೆ ಹಿಂಸೆ ಅಥವಾ ಪರಿತ್ಯಾಗಕ್ಕೆ ಗುರಿಯಾಗುವ ಯುಕ್ತ ಭಯವಿರುವ ಮಹಿಳೆಗೆ ವಿನಾಯಿತಿಯಿದೆ. ಗಂಡನಿಂದಲೇ ಸೋಂಕು ತಗುಲಿದ್ದರೂ ಮೊದಲು ಪರೀಕ್ಷೆಗೆ ಒಳಗಾದವಳು ಗರ್ಭಿಣಿ ಪತ್ನಿಯೆಂಬ ಕಾರಣಕ್ಕೆ ಅವಳನ್ನೇ ಮನೆಯಿಂದ ಹೊರಹಾಕುವ ಸಂದರ್ಭಗಳನ್ನು ಗಮನಿಸಿದಲ್ಲಿ ಈ ವಿನಾಯಿತಿಯ ಔಚಿತ್ಯ ತಿಳಿಯುತ್ತದೆ.

ನೇರವಾಗಿ ಕೇಳಿದಾಗ ಸುಳ್ಳು ಹೇಳುವುದು ಬೇರೆಯೇ ವಿಷಯ. ಸುಳ್ಳನ್ನು ನಂಬಿ ನೀಡಿದ ಒಪ್ಪಿಗೆ ಒಪ್ಪಿಗೆಯಾಗಲಾರದು. ಹಿಂದೂ ವಿವಾಹ ಅಧಿನಿಯಮ, 1955ರ 12ನೇ ಕಲಂ ಅಡಿಯಲ್ಲಿ, ಮಹತ್ವದ ಸಂಗತಿಯ ಬಗ್ಗೆ ವಂಚಿಸಿ ಸಮ್ಮತಿ ಪಡೆದ ವಿವಾಹವನ್ನು ರದ್ದುಪಡಿಸುವಂತೆ, ವಂಚನೆ ಪತ್ತೆಯಾದ ಒಂದು ವರ್ಷದೊಳಗೆ ನ್ಯಾಯಾಲಯವನ್ನು ಕೋರಬಹುದು.

ಸಂಗಾತಿಗೆ ಗಣನೀಯ ಅಪಾಯವಿದ್ದು, ಸಮಾಲೋಚನೆಯ ನಂತರವೂ ಸೋಂಕಿತರು ತಾವಾಗಿ ತಿಳಿಸುವುದಿಲ್ಲವೆಂದು ಮನದಟ್ಟಾದಲ್ಲಿ, 9ನೇ ಕಲಂ ಪ್ರಕಾರ ವೈದ್ಯರು ಅಥವಾ ಸಮಾಲೋಚಕರು ಮಾತ್ರ, ಸೋಂಕಿತರಿಗೆ ಮುಂಚಿತವಾಗಿ ಹೇಳಿ, ಸಂಗಾತಿಗೆ ಖುದ್ದಾಗಿ ತಿಳಿಸಬಹುದು. ಮಹಿಳೆಯ ಸುರಕ್ಷತೆಯ ವಿನಾಯಿತಿ ಇಲ್ಲಿಯೂ ಅನ್ವಯಿಸುತ್ತದೆ. ಬಂಧುಗಳಿಗೆ ತಿಳಿಸಲು ಈ ಕಲಂ ಅವಕಾಶ ನೀಡುವುದಿಲ್ಲ.

ಸೋಂಕಿತರ ವಿವಾಹದ ಹಕ್ಕು

1998ರಲ್ಲಿ ಸರ್ವೋಚ್ಚ ನ್ಯಾಯಾಲಯವು ‘ಮಿಸ್ಟರ್ ಎಕ್ಸ್ ವಿರುದ್ಧ ಹಾಸ್ಪಿಟಲ್ ಝಡ್’ ಪ್ರಕರಣದಲ್ಲಿ ಸೋಂಕಿತರ ವಿವಾಹದ ಹಕ್ಕು ಅಮಾನತಿನಲ್ಲಿರುತ್ತದೆ ಎಂಬ ಅಭಿಪ್ರಾಯ ವ್ಯಕ್ತಪಡಿಸಿತ್ತು. 2002ರಲ್ಲಿ ಅದೇ ನ್ಯಾಯಾಲಯವು ಆ ಅಭಿಪ್ರಾಯಗಳು ಅನಗತ್ಯವಾಗಿದ್ದವೆಂದು ಸ್ಪಷ್ಟಪಡಿಸಿತು. ಈ ಸ್ಪಷ್ಟೀಕರಣ ಮೊದಲಿನ ತೀರ್ಪಿನಷ್ಟು ಪ್ರಚಾರ ಪಡೆಯದಿರುವುದು ವಿಷಾದನೀಯ. ವಿಷಯ ತಿಳಿದು ಒಪ್ಪಿದ ವಯಸ್ಕರೊಂದಿಗೆ ಸೋಂಕಿತರು ವಿವಾಹವಾಗಲು ಅಡ್ಡಿಯಿಲ್ಲ.

ಸೋಂಕಿತರು ಸೋಂಕಿತರನ್ನೇ ವರಿಸಬೇಕೆಂಬ ನಿಯಮವೂ ಇಲ್ಲ. ಸ್ಥಿತಿಯನ್ನು ಮುಚ್ಚಿಡುವ ಹೊರೆ ತಪ್ಪುತ್ತದೆಂದು ಹಲವರು ಅಂತಹ ಸಂಬಂಧವನ್ನು ತಾವಾಗಿ ಬಯಸುತ್ತಾರೆ. ಸ್ವಭಾವ, ವಯಸ್ಸು, ಇಷ್ಟಾನಿಷ್ಟ ಯಾವುದನ್ನೂ ನೋಡದೆ ಕುಟುಂಬದವರು ಇಬ್ಬರು ಸೋಂಕಿತರನ್ನು ಗಂಟುಹಾಕುವುದು ಮಾತ್ರ ಆಯ್ಕೆಯೆನಿಸದು. ಮಕ್ಕಳನ್ನು ಬಯಸುವ ದಂಪತಿಗಳು ಗರ್ಭಧಾರಣೆಗೆ ಮುನ್ನ ಎ.ಆರ್.ಟಿ. ಕೇಂದ್ರದ ವೈದ್ಯರ ಸಲಹೆ ಪಡೆಯತಕ್ಕದ್ದು. ಸಕಾಲಿಕ ಚಿಕಿತ್ಸೆಯಿಂದ ಮಗುವಿಗೆ ಸೋಂಕು ತಗುಲುವುದನ್ನು ಬಹುತೇಕ ತಡೆಯಬಹುದು.

ಪರೀಕ್ಷೆ ಹಾಗೂ ಸಮಾಲೋಚನೆಗಾಗಿ ಸಮೀಪದ ಐ.ಸಿ.ಟಿ.ಸಿ. ಕೇಂದ್ರವನ್ನು ಸಂಪರ್ಕಿಸುವುದು. ಹೆಸರನ್ನು ತಿಳಿಸದೆ ಮಾಹಿತಿ ಪಡೆಯಬಯಸುವವರು 1097 ಉಚಿತ ಸಹಾಯವಾಣಿಗೆ ಕರೆ ಮಾಡಬಹುದು.