ಆಲ್ಪ್ಸ್‌ನ ಆಲೆಮನೆಗೆ ರೈಲಿನಲ್ಲಿ ಹೋಗಿಬನ್ನಿ



ಸೆಪ್ಟೆಂಬರ್ ಮುಗಿಯುತ್ತಾ ಬಂದರೆ ಮ್ಯೂನಿಕ್ಕಿನ ನಮ್ಮ ಗೆಳೆಯರ ನಡುವೆ ಒಂದೇ ಮಾತು, "ಶರತ್ಕಾಲದ ರಜೆಗೆ ಎಲ್ಲಿಗೆ?" ಹೆಚ್ಚಿನವರ ಉತ್ತರ ಕಾರು ಹತ್ತಿ ದಕ್ಷಿಣಕ್ಕೆ, ಬ್ರೆನ್ನರ್ ಕಣಿವೆ ದಾಟಿ ಇಟಲಿಗೆ. ನಾವೂ ಹಾಗೇ ಹೋಗುತ್ತಿದ್ದವರು. ಒಮ್ಮೆ ಬರುವಾಗ ಆ ಹೆದ್ದಾರಿಯಲ್ಲಿ ಐದು ಗಂಟೆ ಸಿಕ್ಕಿಕೊಂಡು, ಹಿಂದಿನ ಸೀಟಿನಲ್ಲಿ ಮಗಳು ಎರಡು ಸಲ ವಾಂತಿ ಮಾಡಿಕೊಂಡ ಮೇಲೆ ಇನ್ನು ಈ ದಾರಿಯಲ್ಲಿ ಕಾರು ಬೇಡ ಎಂದು ತೀರ್ಮಾನಿಸಿದೆವು. ಈಗಂತೂ ಅಲ್ಲಿನ ಹಳೆಯ ಲ್ಯೂಗ್ ಸೇತುವೆಯ ಬದಲಿಗೆ ಹೊಸದನ್ನು ಕಟ್ಟುತ್ತಿದ್ದಾರೆ. 2025ರ ಜನವರಿಯಿಂದ ಸೇತುವೆಯ ಮೇಲೆ ಬಹಳಷ್ಟು ದಿನ ಒಂದೊಂದು ದಿಕ್ಕಿಗೆ ಒಂದೇ ಪಥ.

ಕಳೆದ ಶರತ್ಕಾಲದಲ್ಲಿ ನಮ್ಮ ಜೊತೆ ಅಮ್ಮ ಇದ್ದರು. ಎಪ್ಪತ್ತು ದಾಟಿದೆ, ಮಂಡಿನೋವು. ತೊಂಬತ್ತು ದಿನದ ವೀಸಾದಲ್ಲಿ ಬಂದವರು, "ಇದೇ ಕೊನೆ, ಇನ್ನು ನನ್ನ ಕೈಲಿ ವಿಮಾನ ಹತ್ತಲಾಗದು" ಎಂದು ಮೊದಲ ವಾರವೇ ಘೋಷಿಸಿದ್ದರು. ಅವರನ್ನು ಕಾರಿಲ್ಲದೆ ಬೆಟ್ಟದ ಊರಿಗೆ ಕರೆದೊಯ್ಯಬಹುದೇ? ಒಂದು ವಾರ ಯೋಚಿಸಿ ಧೈರ್ಯ ಮಾಡಿದೆವು. ಹೋದದ್ದು ಇಟಲಿಯ ಉತ್ತರ ತುದಿಯ ಸೂಡ್‌ಟಿರೋಲ್‌ಗೆ, ಅಲ್ಲಿನ 'ಟೋರ್ಗೆಲೆನ್' ಎಂಬ ಸುಗ್ಗಿಯ ಊಟಕ್ಕೆ.

ಹೆಸರಿನ ಕಥೆ ಮೊದಲು ಹೇಳಿಬಿಡುತ್ತೇವೆ. 'ಟೋರ್ಗ್ಲ್' ಎಂದರೆ ದ್ರಾಕ್ಷಿ ಹಿಂಡುವ ಗಾಣ. ತಿರುಚು ಎಂಬ ಅರ್ಥದ ಲ್ಯಾಟಿನ್ ಪದದಿಂದ ಬಂದದ್ದು. ಗಾಣದ ಮನೆಗೆ ಹೋಗಿ ಹೊಸ ರಸ, ಹೊಸ ವೈನ್ ರುಚಿ ನೋಡುವುದೇ ಟೋರ್ಗೆಲೆನ್. ದ್ರಾಕ್ಷಿ ಕೊಯ್ಲಿಗೆ ಬಂದ ಕೆಲಸಗಾರರಿಗೆ, ನೆರೆಯವರಿಗೆ, ಮೇಲಿನ ಬೆಟ್ಟದ ದನಗಾಹಿ ರೈತರಿಗೆ ಹೊಲದೊಡೆಯ ಊಟ ಹಾಕುತ್ತಿದ್ದ. ಈ ಪದ್ಧತಿಯ ತವರು ಐಸಾಕ್ ಕಣಿವೆ. ಇದನ್ನು ರೈಲಿನಲ್ಲಿ ಕೂತು ವಿವರಿಸುತ್ತಿದ್ದಾಗ ಅಮ್ಮ ನಡುವೆಯೇ ತಡೆದು, "ಅಂದ್ರೆ ಆಲೆಮನೆ ಅನ್ನು" ಎಂದರು. ಅವರು ಸಾಗರದ ಕಡೆಯವರು. ಚಿಕ್ಕಂದಿನಲ್ಲಿ ಕೋಣ ಕಟ್ಟಿದ ಗಾಣ, ಕೊಪ್ಪರಿಗೆಯಲ್ಲಿ ಕುದಿಯುವ ಹಾಲು, ನೊರೆಬೆಲ್ಲ, ಊರವರೆಲ್ಲ ಬಂದು ಕುಡಿದು, ಪಾತ್ರೆಯಲ್ಲಿ ತುಂಬಿಕೊಂಡೂ ಹೋಗುತ್ತಿದ್ದದ್ದು ಎಲ್ಲ ನೆನಪಿದೆ. ಹಿಸೆಯಾದ ಮೇಲೆ ಆ ಮನೆಯ ಆಲೆ ನಿಂತೇಹೋಯಿತು. ನಾವು ಅಷ್ಟು ವಿಕಿಪೀಡಿಯಾ ಓದಿಕೊಂಡು ಹೋಗಿದ್ದೂ ನಮಗೆ ಹೊಳೆಯದ ಹೋಲಿಕೆ ಇದು!

ಮ್ಯೂನಿಕ್ಕಿನಿಂದ ವೆರೋನಾ ಕಡೆಗೆ ಹೋಗುವ ದೂರದ ರೈಲು ಇನ್ಸ್‌ಬ್ರುಕ್, ಬ್ರೆನ್ನರ್ ದಾಟಿ ಬ್ರಿಕ್ಸನ್ ಮುಟ್ಟಲು ಸುಮಾರು ಮೂರೂವರೆ ಗಂಟೆ. ಬೋಟ್ಸನ್‌ಗೆ ಇನ್ನರ್ಧ ಗಂಟೆ. ಬ್ರೆನ್ನರ್ ಮಾರ್ಗ 1867ರದ್ದು, ಸುಮಾರು 1370 ಮೀಟರ್ ಎತ್ತರಕ್ಕೆ ಹತ್ತಿ ಇಳಿಯುತ್ತದೆ, ಹಾಗಾಗಿ ವೇಗ ಕಡಿಮೆ. ಕೆಳಗೆ 55 ಕಿ.ಮೀ. ಉದ್ದದ ಹೊಸ ಸುರಂಗ ತಯಾರಾಗುತ್ತಿದೆ. 2025ರ ಸೆಪ್ಟೆಂಬರಿನಲ್ಲಿ ಅದರ ಶೋಧ ಸುರಂಗ ಎರಡೂ ಕಡೆಯಿಂದ ಕೂಡಿಕೊಂಡಿತು. ರೈಲು ಓಡಲು ಇನ್ನೂ ವರ್ಷಗಳು ಬೇಕು. ನಮಗೇನೂ ಅವಸರವಿಲ್ಲ, ಕಿಟಕಿಯಾಚೆ ನೋಡುವುದಕ್ಕೆ ಹಳೆಯ ಮಾರ್ಗವೇ ಚೆನ್ನ. ಟಿಕೆಟ್ ಬೇಗ ಕೊಂಡಷ್ಟೂ ಅಗ್ಗ. ಹಳಿ ರಿಪೇರಿಗೆಂದು ಕೆಲವು ದಿನ ಮಾರ್ಗ ಮುಚ್ಚುವುದುಂಟು, ದಿನಾಂಕ ನಿಗದಿ ಮಾಡುವ ಮುನ್ನ ನೋಡಿಕೊಳ್ಳಿ.

ಅಲ್ಲಿ ಇಳಿದ ಮೇಲೆ ಏನು ಗತಿ ಎಂಬುದೇ ಎಲ್ಲರ ಪ್ರಶ್ನೆ. ಅಲ್ಲಿನ ಬಹಳಷ್ಟು ಹೋಟೆಲು, ತೋಟದ ಮನೆಗಳು ಉಳಿದುಕೊಳ್ಳುವವರಿಗೆ 'ಸೂಡ್‌ಟಿರೋಲ್ ಗೆಸ್ಟ್ ಪಾಸ್' ಕೊಡುತ್ತವೆ. ಅದು ಕೈಯಲ್ಲಿದ್ದರೆ ಪ್ರಾಂತ್ಯದೊಳಗಿನ ಲೋಕಲ್ ರೈಲು, ಬಸ್ಸುಗಳಿಗೆ ಬೇರೆ ಟಿಕೆಟ್ ಬೇಡ. ದೂರದ ರೈಲುಗಳಿಗೆ ಮಾತ್ರ ಇದು ನಡೆಯದು. ಕೋಣೆ ಕಾದಿರಿಸುವಾಗಲೇ ಪಾಸ್ ಇದೆಯೇ ಎಂದು ಕೇಳಿ. ಒಂದು ತಮಾಷೆ: ಮೊದಲ ಮಹಾಯುದ್ಧದ ನಂತರ ಆಸ್ಟ್ರಿಯಾದಿಂದ ಇಟಲಿಗೆ ಹೋದ ನಾಡಿದು. ಹೆಚ್ಚಿನ ಜನ ಈಗಲೂ ಜರ್ಮನ್ ಮಾತಾಡುತ್ತಾರೆ. ಹಾಗಾಗಿ ಪ್ರತಿ ಊರಿಗೂ ಎರಡು ಹೆಸರು. ಬೋಟ್ಸನ್ನೇ ಬೊಲ್ಜಾನೊ, ಬ್ರಿಕ್ಸನ್ನೇ ಬ್ರೆಸ್ಸನೋನೆ, ಕ್ಲೌಸನ್ನೇ ಕಿಯೂಸಾ. ಬೋರ್ಡಿನ ಭಾಷೆಯ ವಿಷಯ ನಮಗೆ ಹೊಸದಲ್ಲ ಬಿಡಿ, ಆದರೂ ಆ್ಯಪಿನಲ್ಲಿ ಒಂದು ಹೆಸರು ಹುಡುಕಿ ಪ್ಲಾಟ್‌ಫಾರ್ಮಿನಲ್ಲಿ ಇನ್ನೊಂದು ಕೇಳಿದಾಗ ಗಾಬರಿಯಾಗುತ್ತದೆ.

ನಾವು ಬ್ರಿಕ್ಸನ್‌ನಲ್ಲಿ ಉಳಿದು, ಬಸ್ಸಿನಲ್ಲಿ ಫೆಲ್ಡ್‌ತುರ್ನ್ಸ್ ಎಂಬ ಬೆಟ್ಟದ ಹಳ್ಳಿಗೆ ಹೋದೆವು. 'ಕೆಶ್ಟನ್‌ವೇಗ್' ಎಂಬ ಚೆಸ್ಟ್‌ನಟ್ ಕಾಲುದಾರಿ ಇಲ್ಲಿಂದಲೇ ಹಾದುಹೋಗುತ್ತದೆ. ಬ್ರಿಕ್ಸನ್ ಪಕ್ಕದ ನೊಯ್‌ಶ್ಟಿಫ್ಟ್ ಮಠದ ಕಡೆಯಿಂದ (1142ರಲ್ಲಿ ಸ್ಥಾಪನೆ, ಇಂದಿಗೂ ವೈನ್ ಮಾಡುತ್ತಾರೆ) ಬೋಟ್ಸನ್ ತನಕ 60 ಕಿ.ಮೀ.ಗೂ ಮಿಕ್ಕಿದ ದಾರಿ. ಅಷ್ಟೂ ನಡೆಯಬೇಕಿಲ್ಲ. ನಡುನಡುವೆ ಬಸ್ ನಿಲ್ದಾಣಗಳಿರುವುದರಿಂದ ಬೇಕಾದಲ್ಲಿ ಹತ್ತಿ ಬೇಕಾದಲ್ಲಿ ಇಳಿಯಬಹುದು. ಕಾರಿನಲ್ಲಿ ಹೋದವರು ನಿಲ್ಲಿಸಿದ ಜಾಗಕ್ಕೇ ಮರಳಬೇಕಲ್ಲ! ಅಮ್ಮ ಮರಗಳ ಕೆಳಗೆ ಅರ್ಧ ಗಂಟೆ ನಡೆದು, ಬೆಂಚಿನ ಮೇಲೆ ಒಂದು ಗಂಟೆ ಕೂತರು. ಮುಳ್ಳುಕಾಯಿ ಬಿರಿದು ಬಿದ್ದಿತ್ತು. ಮಗಳು ಆರಿಸಲು ಹೊರಟಾಗ ತಡೆದೆವು, ಏಕೆಂದರೆ ಅವು ಕಾಡಿನ ಮರಗಳಲ್ಲ, ಯಾರದೋ ತೋಟದ ಬೆಳೆ.

ಊಟಕ್ಕೆ ಮೊದಲೇ ಫೋನ್ ಮಾಡಿ ಜಾಗ ಹಿಡಿಯಬೇಕು. ಅಕ್ಟೋಬರ್ ಮೊದಲ ವಾರದಿಂದ ನವೆಂಬರ್ ಕೊನೆಯ ತನಕ ಕಾಲ, ಶನಿವಾರ ಸಂಜೆಗಳು ತುಂಬಿರುತ್ತವೆ. ನಾವು ಬೇಕೆಂದೇ ಮಧ್ಯಾಹ್ನ ಹೇಳಿದ್ದೆವು. ಸಂಜೆಯ ಊಟ ಎಳೆದಷ್ಟೂ ಉದ್ದ, ಹಳ್ಳಿಯ ಕೊನೆಯ ಬಸ್ಸು ಯಾರಿಗೂ ಕಾಯುವುದಿಲ್ಲ. ಇನ್ನೊಂದು ಸಂಗತಿ, ಇಟಲಿಯಲ್ಲಿ ಚಾಲಕರ ರಕ್ತದಲ್ಲಿ ಮದ್ಯದ ಮಿತಿ ಲೀಟರಿಗೆ 0.5 ಗ್ರಾಂ, ಹೊಸ ಚಾಲಕರಿಗೆ ಸೊನ್ನೆ. ತಿರುವುಗಳ ಕಡಿದಾದ ರಸ್ತೆಯಲ್ಲಿ, ಕತ್ತಲಲ್ಲಿ, ಎಲ್ಲರೂ ಹೊಸ ವೈನ್ ಕುಡಿಯುವ ಮನೆಗೆ ಕಾರಿನಲ್ಲಿ ಹೋಗುವುದೇ ನಮಗೆ ವಿಚಿತ್ರವಾಗಿ ಕಾಣುತ್ತದೆ. ಮಕ್ಕಳಿಗೆ ಒಂದು ಎಚ್ಚರ: 'ಸೂಸರ್' ಎಂದು ಕೊಡುವ ಸಿಹಿ ರಸ ಹುಳಿಯಲು ಶುರುವಾಗಿರಬಹುದು, ಅಂದರೆ ಅದರಲ್ಲಿ ಮದ್ಯವಿರುತ್ತದೆ. ಅವರಿಗೆ ಸೇಬಿನ ರಸ ಕೇಳಿ.

ಸಸ್ಯಾಹಾರಿಗಳು ಹೆದರಬೇಡಿ, ಆದರೆ ಬಾಯಿ ಬಿಟ್ಟು ಕೇಳಿ. ಊಟದ ನಡುವಿನ ದೊಡ್ಡ ತಟ್ಟೆ ಪೂರ್ತಿ ಹಂದಿಮಾಂಸ, ಸಾಸೇಜು, ಹುಳಿ ಎಲೆಕೋಸು. ಬಾರ್ಲಿ ಸೂಪಿನಲ್ಲೂ ಸಾಮಾನ್ಯವಾಗಿ 'ಷ್ಪೆಕ್' ಎಂಬ ಹಂದಿಮಾಂಸದ ಚೂರು ಇರುತ್ತದೆ. ನಮಗೆ ಉಳಿದದ್ದು ಶ್ಲುಟ್ಸ್‌ಕ್ರಾಪ್‌ಫನ್, ಅಂದರೆ ಪಾಲಕ್ ಮತ್ತು ಗಿಣ್ಣಿನಂಥ ಹಸಿ ಚೀಸು ತುಂಬಿದ ಅರ್ಧಚಂದ್ರ, ಮೇಲೆ ಕರಗಿದ ಬೆಣ್ಣೆ. ಪಾಲಕ್ಕಿನ ಮತ್ತು ಚೀಸಿನ ಕ್ನ್ಯೋಡಲ್ ಉಂಡೆಗಳೂ ಸಿಗುತ್ತವೆ. ಇವುಗಳ ಹಿಟ್ಟಿನಲ್ಲಿ ಮೊಟ್ಟೆ ಇದೆ. ಕೊನೆಗೆ ಬರುವ ಸಿಹಿ ಕ್ರಾಪ್‌ಫನ್ ನೋಡಿ ಅಮ್ಮನಿಗೆ ನಗು. ಗಸಗಸೆ ತುಂಬಿ ಕರಿದದ್ದು, ಥೇಟ್ ಕರ್ಜಿಕಾಯಿ! ಕೆಲವು ಮನೆಗಳಲ್ಲಿ ಹಂದಿಕೊಬ್ಬಿನಲ್ಲಿ ಕರಿಯುವುದುಂಟು. "ಓನೆ ಫ್ಲೈಶ್, ಓನೆ ಷ್ಪೆಕ್, ಓನೆ ಶ್ವೈನಶ್ಮಾಲ್ಟ್ಸ್" ಎಂದು ಫೋನಿನಲ್ಲೇ ಹೇಳಿಬಿಡಿ.

ಎಲ್ಲಕ್ಕಿಂತ ಕೊನೆಗೆ ಬಂದದ್ದು ತೂತುಬಾಣಲೆಯಲ್ಲಿ ಬೆಂಕಿಯ ಮೇಲೆ ಹುರಿದ ಚೆಸ್ಟ್‌ನಟ್, ಜೊತೆಗೆ ಬೆಣ್ಣೆ. ಮನೆಯೊಡತಿ ಅಮ್ಮನಿಗೆ ಸುಲಿಯಲು ತೋರಿಸಿಕೊಟ್ಟು, ಹಿಂದಿನ ಕೋಣೆಯಲ್ಲಿದ್ದ ಹಳೆಯ ಮರದ ಗಾಣದ ಬಳಿಗೂ ಕರೆದೊಯ್ದರು. ಈಗ ಯಂತ್ರ ಬಂದಿದೆ, ಇದು ಬರೀ ನೋಡುವುದಕ್ಕೆ. ಇಬ್ಬರಿಗೂ ಒಬ್ಬರ ಭಾಷೆ ಒಬ್ಬರಿಗೆ ಬಾರದು. ಅಮ್ಮ ಗಾಣದ ತಿರುಪನ್ನು ಮುಟ್ಟಿ, ಕೈಯಲ್ಲೇ ಕೋಣ ಸುತ್ತುವಂತೆ ವೃತ್ತ ಬರೆದು ತೋರಿಸಿದರು. ಆಕೆ ತಲೆಯಾಡಿಸಿದರು. ಅನುವಾದಕ್ಕೆಂದು ಹತ್ತಿರ ಹೋದ ನಮಗೆ ಕೆಲಸವೇ ಇರಲಿಲ್ಲ.

ಬಿಡುವಿದ್ದವರು ಬೋಟ್ಸನ್ ನಿಲ್ದಾಣದ ಪಕ್ಕದಿಂದಲೇ ರಿಟ್ಟನ್ ಬೆಟ್ಟಕ್ಕೆ ಹೋಗುವ ಕೇಬಲ್ ಕಾರ್ ಹತ್ತಿ. ಹನ್ನೆರಡು ನಿಮಿಷದಲ್ಲಿ ಮೇಲೆ, ಅಲ್ಲಿಂದ 1907ರ ಪುಟ್ಟ ರೈಲು. ಮಂಡಿನೋವಿನವರಿಗೆ ಇಷ್ಟು ಸುಲಭವಾಗಿ ಡೋಲೊಮೈಟ್ ಶಿಖರಗಳನ್ನು ತೋರಿಸುವ ದಾರಿ ನಮಗೆ ಬೇರೆ ಗೊತ್ತಿಲ್ಲ. ಸೆಪ್ಟೆಂಬರಿನಲ್ಲೇ ಹೋಗುವವರಿಗೆ ಶ್ನಾಲ್ಸ್ ಕಣಿವೆಯಲ್ಲಿ ಕುರಿಗಳ ಇಳಿತವಿದೆ. ಆಸ್ಟ್ರಿಯಾದ ಹುಲ್ಲುಗಾವಲಿನಿಂದ ಸುಮಾರು 3000 ಮೀಟರ್ ಎತ್ತರದ ಕಣಿವೆಬಾಗಿಲು ದಾಟಿ ಸಾವಿರಾರು ಕುರಿಗಳು ಊರಿಗೆ ಮರಳುತ್ತವೆ. ಇಂಥ ಋತುವಲಸೆಯನ್ನು ಯುನೆಸ್ಕೊ 2019ರಲ್ಲಿ ಪರಂಪರೆಯ ಪಟ್ಟಿಗೆ ಸೇರಿಸಿತು. ಆಲ್ಪ್ಸ್‌ನ ಹಲವೆಡೆ ದನಗಳು ಹೂಕಿರೀಟ ತೊಟ್ಟು ಬೆಟ್ಟ ಇಳಿಯುತ್ತವೆ. ಆ ಬೇಸಿಗೆ ಮೇಲೆ ಯಾವುದಾದರೂ ದನ ಸತ್ತಿದ್ದರೆ ಆ ಮನೆಯ ಮಂದೆಗೆ ಕಿರೀಟ ಇಲ್ಲ.

ಎರಡು ಕಿಲೋ ಚೆಸ್ಟ್‌ನಟ್ ಮ್ಯೂನಿಕ್ಕಿಗೆ ತಂದೆವು. ಓವನ್ನಿಗೆ ಹಾಕುವ ಮುನ್ನ ಪ್ರತಿಯೊಂದರ ಸಿಪ್ಪೆಗೂ ಚಾಕುವಿನಿಂದ ಗೀರು ಹಾಕಿ, 200 ಡಿಗ್ರಿಯಲ್ಲಿ ಇಪ್ಪತ್ತೈದು ನಿಮಿಷ ಸಾಕು. ಗೀರು ಮರೆತರೆ ಪಟಾಕಿಯಂತೆ ಸಿಡಿಯುತ್ತದೆ. ನಮ್ಮದು ಮೂರು ಸಿಡಿದವು. ದೀಪಾವಳಿ ಆಯ್ತಲ್ಲ ಎಂದು ಅಮ್ಮ ನಕ್ಕರು. ಉಳಿದವನ್ನು ಸುಲಿದು, ಬೆಲ್ಲ ಹಾಕಿ ಪಾಯಸ ಮಾಡಿದರು.