ತಟ್ಟೆ ನೋಡುವ ಕಡೆ ಉಪಗ್ರಹವಿಲ್ಲ

ಹೊನ್ನವಳ್ಳಿ ಸುತ್ತಿನ ತೋಟದ ಮನೆಗಳಲ್ಲಿ ಟಿ.ವಿ. ಚಿತ್ರ ಚೂರುಚೂರಾಗಿ ನಿಂತುಹೋದರೆ ಮೊದಲ ಅನುಮಾನ ತೆಂಗಿನ ಗರಿಯ ಮೇಲೆ. ಮಾಳಿಗೆ ಮೇಲಿನ ಡಿಶ್ ಯಾವ ಕಡೆ ಮುಖ ಮಾಡಿದೆಯೋ ಅದೇ ನೇರಕ್ಕೆ ಕಣ್ಣು ಹಾಯಿಸುತ್ತೇವೆ; ಎದುರಿಗೆ ಸಿಕ್ಕ ಮರವೇ ಅಡ್ಡ ಬಂದಿದೆ ಎಂದು ತೀರ್ಮಾನಿಸುತ್ತೇವೆ. ಎಷ್ಟೋ ಸಲ ಆ ಮರದ ತಪ್ಪೇನೂ ಇರುವುದಿಲ್ಲ. ಏಕೆಂದು ತಿಳಿಯಲು ಹೈಸ್ಕೂಲಿನಲ್ಲಿ ಓದಿ ಮರೆತ ನಿಮ್ನ ದರ್ಪಣದ ಪಾಠಕ್ಕೆ ಒಮ್ಮೆ ಮರಳಬೇಕು.

ಅದಕ್ಕೆ ಪ್ರಯೋಗಶಾಲೆ ಬೇಡ, ಒಂದು ಸ್ಟೀಲ್ ಲೋಟ ಸಾಕು. ಬೆಳಗಿನ ಎಳೆಬಿಸಿಲು ಓರೆಯಾಗಿ ಬೀಳುವ ಕಿಟಕಿಯ ಬಳಿ ಲೋಟದಲ್ಲಿ ಅರ್ಧ ಹಾಲು ಹಾಕಿಡಿ. ಹಾಲಿನ ಮೇಲೆ ಬೆಳಕಿನ ಎರಡು ಕಮಾನುಗಳು ಮೂಡಿ, ನಡುವೆ ಒಂದು ಮೊನೆಯಲ್ಲಿ ಕೂಡಿಕೊಳ್ಳುತ್ತವೆ. ಲೋಟದ ಒಳಗೋಡೆಯೇ ಇಲ್ಲಿ ದರ್ಪಣ. ಗೋಡೆಯ ನಡುಭಾಗಕ್ಕೆ ಬಡಿದ ಕಿರಣಗಳು ಆ ಮೊನೆಗೆ ಬರುತ್ತವೆ. ಮೊನೆ ಇರುವುದು ಗೋಡೆ ಮತ್ತು ಲೋಟದ ಕೇಂದ್ರದ ಸರಿಯಾಗಿ ಮಧ್ಯೆ. ಆರು ಸೆಂಟಿಮೀಟರ್ ಅಗಲದ ಲೋಟವಾದರೆ ಗೋಡೆಯಿಂದ ಒಂದೂವರೆ ಸೆಂಟಿಮೀಟರ್ ದೂರ. ಅಂಚಿಗೆ ಬಡಿದ ಕಿರಣಗಳಿಗೆ ಮಾತ್ರ ಆ ಮೊನೆ ಸಿಗುವುದಿಲ್ಲ. ಅವು ನಡುಗೆರೆಯನ್ನು ಗೋಡೆಗೆ ಇನ್ನೂ ಹತ್ತಿರದಲ್ಲೇ ದಾಟಿಬಿಡುತ್ತವೆ. ಹೀಗೆ ಒಂದು ಚುಕ್ಕೆಯಾಗಬೇಕಿದ್ದ ಬೆಳಕು ಕಮಾನಾಗಿ ಹರಡುತ್ತದೆ. ದುಂಡಗಿನ ಬಾಗು ಬೆಳಕನ್ನು ಕೂಡಿಸುತ್ತದೆ, ಆದರೆ ಒಂದೇ ಕಡೆ ಕೂಡಿಸಲಾರದು. ಕೊಬ್ಬರಿ ಗಿಟುಕಿನ ಒಳಮೈಗೆ ಕನ್ನಡಿಯ ಹೊಳಪು ಬಂದರೂ ಇದೇ ಗತಿ.

ಒಂದೇ ಬಿಂದುವಿಗೆ ತರುವ ಬಾಗು ಬೇರೆಯಿದೆ. ತೋಟದಲ್ಲಿ ಮೋಟರ್ ಹಾಕಿದಾಗ ಅಡ್ಡ ಪೈಪಿನಿಂದ ಚಿಮ್ಮಿ ತೊಟ್ಟಿಗೆ ಬೀಳುವ ನೀರು ಗಾಳಿಯಲ್ಲಿ ಬರೆಯುತ್ತದಲ್ಲ, ಆ ಗೆರೆ. ಪರವಲಯ ಎನ್ನುತ್ತಾರೆ. ದುಂಡಿಗಿಂತ ಇದರ ಅಂಚು ಸ್ವಲ್ಪ ಬಿಚ್ಚಿಕೊಂಡಿರುತ್ತದೆ. ದೂರದಿಂದ ಸಮಾನಾಂತರವಾಗಿ ಬಂದ ಅಲೆ ಇದರ ಯಾವ ಭಾಗಕ್ಕೆ ಬಡಿದರೂ ಸಂಗಮ ಬಿಂದುವಿಗೆ ನಡೆಯುವ ಒಟ್ಟು ದೂರ ಒಂದೇ. ಆದ್ದರಿಂದ ಎಲ್ಲ ಅಲೆಗಳೂ ಅಲ್ಲಿಗೆ ಒಟ್ಟಿಗೆ ತಲುಪುತ್ತವೆ, ಏರಿಗೆ ಏರು, ಇಳಿತಕ್ಕೆ ಇಳಿತ ಸೇರುತ್ತದೆ. ಈ ದಾರಿಯನ್ನು ತಿರುಗಿಸಿದರೆ ಟಾರ್ಚ್. ರಾತ್ರಿ ಕರೆಂಟು ಬಂತೆಂದು ಮೋಟರ್ ಹಾಕಲು ಹೊರಟವರ ಕೈಯಲ್ಲಿ ಬಲ್ಬು ಸಂಗಮ ಬಿಂದುವಿನಲ್ಲಿ ಕೂತು, ಬೆಳಕನ್ನು ಕಾಲುದಾರಿಯುದ್ದಕ್ಕೂ ಕೋಲಿನಂತೆ ಚಾಚುತ್ತದೆ. ಹಳೆಯ ಟಾರ್ಚಿನ ತಲೆ ತಿರುಗಿಸಿದಾಗ ಬೆಳಕು ಅಗಲವಾಗುತ್ತಿದ್ದದ್ದು ಬಲ್ಬು ಆ ಬಿಂದುವಿನಿಂದ ಸರಿಯುತ್ತಿದ್ದುದರಿಂದ.

ದುಂಡಿಗೂ ಪರವಲಯಕ್ಕೂ ಇರುವ ವ್ಯತ್ಯಾಸ ಎಷ್ಟು ಸಣ್ಣದು ಎಂಬುದು ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ. ತಮಿಳುನಾಡಿನ ಜವ್ವಾದಿ ಬೆಟ್ಟದ ಕಾವಲೂರಿನಲ್ಲಿ ವೈನು ಬಾಪ್ಪು ದೂರದರ್ಶಕವಿದೆ. 1986ರ ಜನವರಿಯಲ್ಲಿ ಅದಕ್ಕೆ ಆ ಹೆಸರಿಟ್ಟರು. ಅದರ 2.34 ಮೀಟರ್ ಅಗಲದ ಕನ್ನಡಿಯನ್ನು ಉಜ್ಜಿ ರೂಪಿಸಿದ್ದು ನಮ್ಮ ಬೆಂಗಳೂರಿನಲ್ಲಿ, ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯ ಕಾರ್ಯಾಗಾರದಲ್ಲಿ. ಅದರ ಸಂಗಮ ದೂರ ಸುಮಾರು 7.6 ಮೀಟರ್. ಲೆಕ್ಕ ಹಾಕಿ ನೋಡಿದೆ: ಅಷ್ಟು ದೊಡ್ಡ ಕನ್ನಡಿಯ ನಡುವಿನ ತಗ್ಗು ನಾಲ್ಕೂವರೆ ಸೆಂಟಿಮೀಟರ್ ಮಾತ್ರ. ಅದನ್ನೇ ದುಂಡಾಗಿ ಉಜ್ಜಿದ್ದರೆ ಅಂಚಿನಲ್ಲಿ ಆಗುತ್ತಿದ್ದ ವ್ಯತ್ಯಾಸ 0.07 ಮಿಲಿಮೀಟರ್, ಒಂದು ತಲೆಗೂದಲಿನ ದಪ್ಪ. ಆ ಕೂದಲೆಳೆಗಾಗಿ ಉಜ್ಜುವುದು, ಅಳೆಯುವುದು, ಮತ್ತೆ ಉಜ್ಜುವುದು. ಬೆಳಕಿನ ಅಲೆಯ ಉದ್ದ ಮಿಲಿಮೀಟರಿನ ಎರಡು ಸಾವಿರದಲ್ಲೊಂದು ಭಾಗ. ಕನ್ನಡಿಯ ಮೈ ಅದಕ್ಕಿಂತಲೂ ಎಷ್ಟೋ ಪಟ್ಟು ನಯವಾಗಿರಬೇಕು. ಕೂದಲಿನಷ್ಟು ತಪ್ಪಿದ್ದರೆ ನಕ್ಷತ್ರ ಚುಕ್ಕೆಯಾಗಿ ಕಾಣುತ್ತಿರಲಿಲ್ಲ.

ನಮ್ಮ ಮಾಳಿಗೆಯ ತಟ್ಟೆಯೂ ಪರವಲಯವೇ, ನಿಮ್ನ ದರ್ಪಣವೇ. ಬಣ್ಣ ಬಳಿದ ಅದರಲ್ಲಿ ಮುಖ ಕಾಣುವುದಿಲ್ಲ ನಿಜ. ಆದರೆ ಟಿ.ವಿ. ಉಪಗ್ರಹದ ರೇಡಿಯೋ ಅಲೆ ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದ. ಬಣ್ಣ ಅದಕ್ಕೆ ಅಡ್ಡಿಯಲ್ಲ, ಮಿಲಿಮೀಟರಿನೊಳಗಿನ ತರಿ ಲೆಕ್ಕಕ್ಕಿಲ್ಲ. ಕೆಳಗಿನ ತಗಡೇ ಅದಕ್ಕೆ ಕನ್ನಡಿ. ಅರವತ್ತು ಸೆಂಟಿಮೀಟರಿನ ತಟ್ಟೆ ತನ್ನ ಮೇಲೆ ಬಿದ್ದ ಅಲೆಯನ್ನೆಲ್ಲ ಮುಂದಿನ ಕೋಲಿನ ತುದಿಯಲ್ಲಿ ಅಲೆ ಹಿಡಿಯಲು ಇರುವ ಎಲ್‌ಎನ್‌ಬಿ ಬಾಯಿಗೆ ತುಂಬುತ್ತದೆ. ಬಾಯಿ ಐದು ಸೆಂಟಿಮೀಟರ್ ಅಗಲವೆಂದುಕೊಂಡರೆ ತಟ್ಟೆಯ ವಿಸ್ತೀರ್ಣ ಅದರ 144 ಪಟ್ಟು. ಸುಮಾರು 36,000 ಕಿಲೋಮೀಟರ್ ಎತ್ತರದಿಂದ ಬರುವ ಕ್ಷೀಣ ಅಲೆಗೆ ಈ ಕೂಡಿಕೆ ಬೇಕೇ ಬೇಕು.

ಈಗ ಮರದ ವಿಷಯ. ಎಲ್‌ಎನ್‌ಬಿ ತಟ್ಟೆಯ ನಟ್ಟನಡುವಿನ ಎದುರಿಗಿಲ್ಲ, ಕೆಳಗಡೆ ಇದೆ. ನಮ್ಮ ತಟ್ಟೆ ಇಡೀ ಪರವಲಯವಲ್ಲ; ದೊಡ್ಡ ಬೋಗುಣಿಯ ಮೇಲುಭಾಗದಿಂದ ಕತ್ತರಿಸಿ ತೆಗೆದ ಒಂದು ಹೋಳು. ಸಂಗಮ ಬಿಂದು ಇದ್ದಲ್ಲೇ ಉಳಿದಿದೆ. ಹೀಗೆ ಮಾಡಿದ್ದಕ್ಕೆ ಎಲ್‌ಎನ್‌ಬಿಯ ನೆರಳು ತಟ್ಟೆಯ ಮೇಲೆ ಬೀಳುವುದಿಲ್ಲ, ಮಳೆನೀರೂ ನಿಲ್ಲುವುದಿಲ್ಲ. ಅದರ ಇನ್ನೊಂದು ಫಲವೆಂದರೆ, ತಟ್ಟೆಯ ಮುಖ ತೋರುವ ದಿಕ್ಕಿಗಿಂತ ಸುಮಾರು 25 ಡಿಗ್ರಿ ಮೇಲಿನಿಂದ ಅಲೆ ಬರುತ್ತದೆ.

ಡಿಡಿ ಫ್ರೀ ಡಿಶ್‌ನ ವಾಹಿನಿಗಳು ಬರುವುದು ಜಿಸ್ಯಾಟ್-15 ಉಪಗ್ರಹದಿಂದ. 2015ರ ನವೆಂಬರಿನಲ್ಲಿ ಹಾರಿದ ಅದು 93.5 ಡಿಗ್ರಿ ಪೂರ್ವ ರೇಖಾಂಶದ ಮೇಲೆ ನಿಂತಿದೆ. ಉಡಾವಣೆಯಾದ ಮೇಲೆ ಅದರ ಹಿಡಿತ ತೆಗೆದುಕೊಂಡದ್ದು ನಮ್ಮ ಪಕ್ಕದ ಹಾಸನದ ಮುಖ್ಯ ನಿಯಂತ್ರಣ ಕೇಂದ್ರ. ಹೊನ್ನವಳ್ಳಿಯಿಂದ ನೋಡಿದರೆ ಉಪಗ್ರಹ ಆಗ್ನೇಯಕ್ಕೆ, 65 ಡಿಗ್ರಿ ಎತ್ತರದಲ್ಲಿದೆ. ತುರುವೇಕೆರೆ, ಚಿಕ್ಕನಾಯಕನಹಳ್ಳಿಗೂ ಹೆಚ್ಚುಕಡಿಮೆ ಇದೇ ಲೆಕ್ಕ. ತಟ್ಟೆಯ ಮುಖ ಮಾತ್ರ 40 ಡಿಗ್ರಿಯ ಕಡೆ ತೋರುತ್ತಿರುತ್ತದೆ.

ತಟ್ಟೆಯಿಂದ ಇಪ್ಪತ್ತು ಅಡಿ ದೂರದಲ್ಲಿ ಒಂದು ಮರವಿದೆ ಎನ್ನಿ. ತಟ್ಟೆಯ ಮುಖದ ನೇರಕ್ಕೆ ನೋಡಿದರೆ, ಅದರ ಮಟ್ಟದಿಂದ ಹದಿನೇಳು ಅಡಿ ಮೇಲಿನ ಗರಿ ಅಡ್ಡವಿದ್ದಂತೆ ಕಾಣುತ್ತದೆ. ಅಲೆ ಇಳಿದು ಬರುವ ದಾರಿ ಅಲ್ಲಿ ನಲವತ್ತಮೂರು ಅಡಿ ಎತ್ತರದಲ್ಲಿದೆ. ತೆಂಗಿನ ಪ್ರತಿ ಗರಿಯ ಕಂಕುಳಲ್ಲೂ ಒಂದು ಹೊಂಬಾಳೆ ಹುಟ್ಟುತ್ತದೆ; ಸುಮ್ಮನೆ ಗರಿ ಕಡಿದರೆ ಆ ಫಸಲಿಗೂ ಪೆಟ್ಟು. ಆದ್ದರಿಂದ ಮುಂದಿನ ಸಲ ಚಿತ್ರ ಒಡೆದಾಗ ಮರ ಹತ್ತುವವರನ್ನು ಕರೆಯುವ ಮುನ್ನ ತಟ್ಟೆಯ ಪಕ್ಕ ನಿಂತು, ಆಗ್ನೇಯಕ್ಕೆ ತಿರುಗಿ, ಕತ್ತು ಚೆನ್ನಾಗಿ ಮೇಲೆತ್ತಿ ನೋಡಿ. ಅಲ್ಲಿ ಬರಿ ಆಕಾಶ ಕಂಡರೆ ಎದುರಿನ ಮರವನ್ನು ಮುಟ್ಟಬೇಡಿ. ಎಲ್‌ಎನ್‌ಬಿಯ ವೈರು ಸಡಿಲವಾಗಿದೆಯೇ, ಗಾಳಿಗೆ ತಟ್ಟೆ ಸರಿದಿದೆಯೇ ನೋಡಿ.