ಸುನಾಮಿಯ ಸುಳಿವು ಆಕಾಶದಲ್ಲಿ

ಸರಕು ಇಳಿಸುತ್ತಿರುವ ಹಡಗನ್ನು ಅರ್ಧದಲ್ಲೇ ತಡೆದು ಆಳಸಮುದ್ರಕ್ಕೆ ಕಳುಹಿಸುವುದು, ಗೋದಾಮುಗಳಿಗೆ ಬೀಗ ಹಾಕಿ ತೀರದ ಜನರನ್ನು ತೆರವುಗೊಳಿಸುವುದು ಸಣ್ಣ ವೆಚ್ಚದ ಮಾತಲ್ಲ. 1986ರ ಮೇ 7ರಂದು ಅಲ್ಯೂಷಿಯನ್ ದ್ವೀಪಗಳಲ್ಲಿ ಭೂಕಂಪವಾದಾಗ ಹವಾಯಿಯಲ್ಲಿ ಜನರನ್ನು ಹೀಗೆಯೇ ತೆರವುಗೊಳಿಸಲಾಯಿತು. ಬಂದದ್ದು ಅಲ್ಪ ಪ್ರಮಾಣದ ಅಲೆ. ಆದ ನಷ್ಟ ಕೋಟ್ಯಂತರ ಡಾಲರ್. ಇದಕ್ಕೆ ತದ್ವಿರುದ್ಧವಾದ ನಷ್ಟವನ್ನು 2004ರ ಡಿಸೆಂಬರ್ 26ರಂದು ಹಿಂದೂ ಮಹಾಸಾಗರದ ದೇಶಗಳು ಕಂಡವು. ಸುಮಾತ್ರಾದ ಬಳಿ ಭೂಮಿ ಕಂಪಿಸಿ ಎರಡು ಗಂಟೆಗೂ ಹೆಚ್ಚು ಕಾಲ ಕಳೆದ ಮೇಲೆ ಅಲೆಗಳು ಚೆನ್ನೈ ತೀರವನ್ನು ತಲುಪಿದವು. ಅಷ್ಟು ಅವಕಾಶವಿದ್ದರೂ ಎಚ್ಚರಿಸುವ ವ್ಯವಸ್ಥೆಯಿರಲಿಲ್ಲ. ಆ ದುರಂತದಲ್ಲಿ ಒಟ್ಟು ಸುಮಾರು 2,30,000 ಜನ ಮಡಿದರು.

ತೊಡಕಿರುವುದು ಇಲ್ಲಿಯೇ. ಭೂಕಂಪಮಾಪಕವು ಕಂಪನದ ತೀವ್ರತೆಯನ್ನು ಕೆಲವೇ ನಿಮಿಷಗಳಲ್ಲಿ ತಿಳಿಸುತ್ತದೆ. ಆದರೆ ಕಡಲು ಎಷ್ಟು ಎದ್ದಿದೆ ಎಂಬುದನ್ನು ತಿಳಿಸಲಾರದು. 2012ರ ಏಪ್ರಿಲ್ 11ರಂದು ಸುಮಾತ್ರಾದ ಪಶ್ಚಿಮಕ್ಕೆ 8.6 ತೀವ್ರತೆಯ ಭೂಕಂಪವಾಯಿತು. ಸಮುದ್ರತಳವು ಮೇಲೇಳದೆ ಅಡ್ಡಲಾಗಿ ಸರಿದುದರಿಂದ ದೊಡ್ಡ ಸುನಾಮಿ ಉಂಟಾಗಲಿಲ್ಲ. ಅಲೆಯನ್ನು ನೇರವಾಗಿ ಅಳೆಯಲು ಸಮುದ್ರತಳದಲ್ಲಿ ಒತ್ತಡಮಾಪಕಗಳನ್ನೂ ಅವುಗಳಿಗೆ ಸಂಪರ್ಕವಿರುವ ತೇಲುಬುರುಡೆಗಳನ್ನೂ ಇರಿಸಲಾಗುತ್ತದೆ. 2007ರ ಅಕ್ಟೋಬರಿನಲ್ಲಿ ಹೈದರಾಬಾದಿನಲ್ಲಿ ಆರಂಭವಾದ ಭಾರತದ ಎಚ್ಚರಿಕೆ ಕೇಂದ್ರವೂ ಇವನ್ನು ಬಳಸುತ್ತದೆ. ಆದರೆ ಇವು ದುಬಾರಿ, ನಿರ್ವಹಣೆ ಕಷ್ಟ, ವಿಶಾಲ ಸಾಗರಕ್ಕೆ ಸಂಖ್ಯೆಯೂ ಸಾಲದು.

ಈ ಕೊರತೆಯನ್ನು ಭಾಗಶಃ ತುಂಬಬಲ್ಲ ಸಾಕ್ಷ್ಯವೊಂದು ಆಕಾಶದಲ್ಲಿ ದೊರೆಯುತ್ತದೆ. 2004ರ ಸುನಾಮಿಯ ಎತ್ತರ ಆಳಸಮುದ್ರದಲ್ಲಿ ಸುಮಾರು 60 ಸೆಂಟಿಮೀಟರ್ ಮಾತ್ರ ಇತ್ತೆಂದು ಉಪಗ್ರಹವೊಂದು ಅಳೆದಿತ್ತು. ಮೇಲೆ ಸಾಗುವ ಹಡಗಿಗೆ ಇದು ತಿಳಿಯುವುದೇ ಇಲ್ಲ. ಆದರೆ ನೂರಾರು ಕಿಲೋಮೀಟರ್ ಉದ್ದದ ನೀರಿನ ಹರಹು ಒಮ್ಮೆಲೇ ಏರಿಳಿದಾಗ ಮೇಲಿನ ಗಾಳಿಯೂ ಏರಿಳಿಯಲೇಬೇಕು. ಎತ್ತರಕ್ಕೆ ಹೋದಂತೆ ಗಾಳಿ ವಿರಳವಾಗುವುದರಿಂದ ಈ ತರಂಗವು ಬೆಳೆಯುತ್ತ ಹೋಗಿ, ಸುಮಾರು 300 ಕಿಲೋಮೀಟರ್ ಎತ್ತರದಲ್ಲಿ ಹತ್ತಾರು ಸಾವಿರ ಪಟ್ಟು ದೊಡ್ಡದಾಗಿರುತ್ತದೆ. ಅಲ್ಲಿರುವುದು ಅಯಾನುಗೋಳ, ಅಂದರೆ ಸೂರ್ಯಕಿರಣಗಳಿಂದ ಗಾಳಿಯ ಕಣಗಳು ಒಡೆದು ವಿದ್ಯುದಾವೇಶ ಪಡೆದಿರುವ ಪದರ. ತರಂಗವು ಈ ಪದರವನ್ನು ಕಲಕುತ್ತದೆ.

ಇದನ್ನು ಅಳೆಯುವ ಕ್ರಮವು ಲೆಕ್ಕಪತ್ರ ಬಲ್ಲವರಿಗೆ ಅಪರಿಚಿತವೆನಿಸದು. ಜಿಪಿಎಸ್ ಉಪಗ್ರಹವು 1575.42 ಮತ್ತು 1227.60 ಮೆಗಾಹರ್ಟ್ಸ್ ಎಂಬ ಎರಡು ಆವರ್ತನಗಳಲ್ಲಿ ಸಂಕೇತ ಕಳುಹಿಸುತ್ತದೆ. ಅಯಾನುಗೋಳವನ್ನು ದಾಟುವಾಗ ಕೆಳಗಿನ ಆವರ್ತನದ ಸಂಕೇತವೇ ಹೆಚ್ಚು ತಡವಾಗುತ್ತದೆ. ನಗದು ಪುಸ್ತಕವನ್ನೂ ಪಾಸ್‌ಬುಕ್ಕನ್ನೂ ತಾಳೆ ನೋಡಿದಂತೆ ಎರಡನ್ನೂ ಹೋಲಿಸಿದರೆ, ಮಾರ್ಗದಲ್ಲಿ ಎಷ್ಟು ಎಲೆಕ್ಟ್ರಾನುಗಳಿದ್ದವೆಂಬುದು ದೊರೆಯುತ್ತದೆ. ಸ್ಥಾನ ಗುರುತಿಸುವವರಿಗೆ ಈ ವ್ಯತ್ಯಾಸವು ನಿವಾರಿಸಬೇಕಾದ ದೋಷ. ಬೆಂಗಳೂರಿನಲ್ಲಿ ಮುಖ್ಯ ನಿಯಂತ್ರಣ ಕೇಂದ್ರವಿರುವ ‘ಗಗನ್’ ವ್ಯವಸ್ಥೆಯೂ ವಿಮಾನಗಳಿಗಾಗಿ ಇದೇ ದೋಷವನ್ನು ತಿದ್ದುತ್ತದೆ. ಸುನಾಮಿ ಶೋಧಕರು ಮಾತ್ರ, ಚಿಲ್ಲರೆ ಖರ್ಚೆಂದು ತೊಡೆದುಹಾಕುವ ಬಾಬತ್ತನ್ನೇ ತನಿಖೆಗೆ ಎತ್ತಿಕೊಂಡಂತೆ, ಆ ದೋಷದಲ್ಲಿಯೇ ಅಲೆಯನ್ನು ಹುಡುಕುತ್ತಾರೆ. ಉಪಗ್ರಹವನ್ನು ಓರೆಯಾಗಿ ನೋಡುವ ನೆಲದ ಗ್ರಾಹಕಕ್ಕೆ ನೂರಾರು ಕಿಲೋಮೀಟರ್ ದೂರದ ಸಮುದ್ರದ ಮೇಲಿನ ಆಕಾಶವೂ ನಿಲುಕುವುದರಿಂದ ಅಲೆ ತೀರಕ್ಕೆ ಬರುವ ಮುನ್ನವೇ ಸುಳಿವು ಸಿಗುತ್ತದೆ.

1970ರ ದಶಕದಲ್ಲಿ ಸಿದ್ಧಾಂತವಾಗಿದ್ದ ಈ ವಿಚಾರಕ್ಕೆ 2001ರ ಜೂನ್ 23ರ ಪೆರು ಭೂಕಂಪ ಪುರಾವೆ ಒದಗಿಸಿತು. ಅದರ ಸುನಾಮಿ ಪೆಸಿಫಿಕ್ ಸಾಗರ ದಾಟಿ ಜಪಾನನ್ನು ತಲುಪಿದ ಹೊತ್ತಿನ ಕಲಕುವಿಕೆಯನ್ನು ಅಲ್ಲಿನ ಜಿಪಿಎಸ್ ಜಾಲದ ದಾಖಲೆಗಳಲ್ಲಿ ಗುರುತಿಸಿ 2005ರಲ್ಲಿ ಪ್ರಕಟಿಸಲಾಯಿತು. ಇಂದು ಅಮೆರಿಕದ ನಾಸಾ ಸಂಸ್ಥೆಯ ‘ಗಾರ್ಡಿಯನ್’ ಎಂಬ ಪ್ರಾಯೋಗಿಕ ವ್ಯವಸ್ಥೆ ಇದನ್ನು ತತ್‌ಕ್ಷಣದಲ್ಲಿಯೇ ಮಾಡಲೆತ್ನಿಸುತ್ತದೆ. 2025ರ ಜುಲೈ ಕೊನೆಯಲ್ಲಿ ರಷ್ಯಾದ ಕಮ್ಚಾಟ್ಕಾದಲ್ಲಿ 8.8 ತೀವ್ರತೆಯ ಭೂಕಂಪವಾದಾಗ ಹವಾಯಿಯ ಬಂದರುಗಳಿಂದ ವಾಣಿಜ್ಯ ಹಡಗುಗಳು ಹೊರನಡೆಯಬೇಕಾಯಿತು. ಅಲೆ ಅಲ್ಲಿಗೆ ಬರುವ 30–40 ನಿಮಿಷ ಮೊದಲೇ ಗಾರ್ಡಿಯನ್ ಅದರ ಚಿಹ್ನೆಗಳನ್ನು ದೃಢಪಡಿಸಿತು.

ಆದರೆ ಇದನ್ನೇ ಸರ್ವರೋಗಕ್ಕೂ ಮದ್ದೆಂದು ಭಾವಿಸಲಾಗದು. ಭೂಕಂಪದ ಶಬ್ದತರಂಗವೇ ಅಯಾನುಗೋಳಕ್ಕೇರಲು ಎಂಟು ಹತ್ತು ನಿಮಿಷ ಬೇಕು. ಸಾಗುವ ಸುನಾಮಿಯ ತರಂಗಕ್ಕೆ ಇನ್ನೂ ಹೆಚ್ಚು ಸಮಯ ತಗಲುತ್ತದೆ. ಭೂಕಂಪಕ್ಕೆ ಸಮೀಪದ ತೀರಗಳಿಗೆ, ಉದಾಹರಣೆಗೆ ಅಂಡಮಾನ್ ದ್ವೀಪಗಳಿಗೆ, ಇದು ಅಷ್ಟಾಗಿ ಒದಗದು. ದಕ್ಷಿಣ ಭಾರತದ ಮೇಲೆ ಇನ್ನೊಂದು ತೊಡಕಿದೆ: ಭೂಕಾಂತೀಯ ಸಮಭಾಜಕವು ಇಲ್ಲಿಯೇ ಹಾದುಹೋಗುತ್ತದೆ, ಸಂಜೆಯ ನಂತರ ಅಯಾನುಗೋಳವು ತಾನಾಗಿಯೇ ಪ್ರಕ್ಷುಬ್ಧಗೊಳ್ಳುವುದುಂಟು. ಆ ಗದ್ದಲದಲ್ಲಿ ಸುನಾಮಿಯ ಸಣ್ಣ ಗುರುತನ್ನು ಬೇರ್ಪಡಿಸುವುದು ಕಠಿಣ.

ಕರ್ನಾಟಕದ ಕರಾವಳಿಗೆ ಸುನಾಮಿಯ ಮುಖ್ಯ ಮೂಲ ಪಾಕಿಸ್ತಾನ ಮತ್ತು ಇರಾನ್ ತೀರದ ಮಕ್ರಾನ್ ವಲಯ. 1945ರ ನವೆಂಬರಿನಲ್ಲಿ ಅಲ್ಲಿ ಎದ್ದ ಅಲೆಗಳು ಮುಂಬಯಿಯನ್ನು ತಲುಪಲು ಕೆಲವು ಗಂಟೆಗಳು ಹಿಡಿದಿದ್ದವು. ಕಾರವಾರ, ಮಂಗಳೂರು ಇನ್ನೂ ದಕ್ಷಿಣಕ್ಕಿವೆ. ಆಕಾಶದ ಸಾಕ್ಷ್ಯವನ್ನು ತಾಳೆ ನೋಡಿ, ಹಡಗನ್ನು ಕಳುಹಿಸಬೇಕೋ ಉಳಿಸಿಕೊಳ್ಳಬೇಕೋ ಎಂದು ನಿರ್ಧರಿಸಲು ಅಲ್ಲಿ ಸಮಯವಿರುತ್ತದೆ.